ಬಣ್ಣದ ಮೇಲೊಂದು ಪೊರೆ

ಹೊಸ ಕಾರಿನ ಮೈಬಣ್ಣವು ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪನ್ನು ಕಂಡು ಹಿಗ್ಗುವವರು ಅನೇಕರು. ಅದು ಎಷ್ಟು ತೆಳುವಾದ ವಸ್ತುವೆಂಬುದನ್ನು ಬಲ್ಲವರು ವಿರಳ. ಕಾರ್ಖಾನೆಯಲ್ಲಿ ಉಕ್ಕಿನ ಕವಚವನ್ನು ಮೊದಲು ಒಂದು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ತುಕ್ಕನ್ನು ತಡೆಯುವ ಲೇಪವನ್ನು ಮೂಲೆಮೂಲೆಗೂ ಅಂಟಿಸುತ್ತಾರೆ. ಅದರ ಮೇಲೆ ನುಣುಪುಗೊಳಿಸುವ ಒಂದು ಪದರ, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ತಿಳಿಲೇಪ. ಹೀಗೆ ನಾಲ್ಕು ಪದರಗಳು ಸೇರಿದರೂ ಒಟ್ಟು ದಪ್ಪವು ಸುಮಾರು 100ರಿಂದ 130 ಮೈಕ್ರಾನ್ ಮಾತ್ರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯದಿಂದ ಕೊಂಡ ವಾಹನದ ಉಕ್ಕಿಗೂ, ಅದನ್ನು ತಿನ್ನಲು ಕಾದಿರುವ ನೀರು ಗಾಳಿಗಳಿಗೂ ನಡುವೆ ಇರುವ ಅಡ್ಡಿ ಎರಡು ಕೂದಲೆಳೆಗಳಷ್ಟೂ ದಪ್ಪವಿಲ್ಲವೆಂದಾಯಿತು.

ಈ ತೆಳು ಹೊದಿಕೆಯು ಎದುರಿಸಬೇಕಾದ ಪರೀಕ್ಷೆಗಳನ್ನು ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಚೆನ್ನಾಗಿ ನೋಡಬಹುದು. ಬೆಂಗಳೂರು ಮೈಸೂರುಗಳನ್ನು ಕೂಡಿಸುವ ಹೊಸ ಹೆದ್ದಾರಿಯು ಮದ್ದೂರು, ಮಂಡ್ಯ ಪಟ್ಟಣಗಳ ಮಗ್ಗುಲಲ್ಲಿ ಹಾದುಹೋಗುತ್ತದೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆ ನಡೆಯಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಅದರ ಮುಖ್ಯ ಪಥದಿಂದ ದೂರವಿರಿಸಲಾಯಿತು. ಅಲ್ಲಿ ಕಾರುಗಳು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸಾಗುತ್ತವೆ. ಮುಂದಿನ ಲಾರಿಯ ಚಕ್ರವು ಎತ್ತಿ ಎಸೆದ ಕಡಲೆಕಾಳಿನಷ್ಟು ಸಣ್ಣ ಕಲ್ಲು ಆ ವೇಗದಲ್ಲಿ ಬಂದು ಬಡಿದರೆ ಸಣ್ಣ ಕಲ್ಲಾಗಿ ಉಳಿಯುವುದಿಲ್ಲ. ವೇಗವು ಎರಡು ಪಟ್ಟಾದರೆ ಹೊಡೆತದ ಶಕ್ತಿಯು ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಊರೊಳಗಿನ 50 ಕಿಲೋಮೀಟರು ವೇಗದಲ್ಲಿ ಟಿಕ್ಕೆಂದು ಸದ್ದು ಮಾಡಿ ಜಾರಿಹೋಗುತ್ತಿದ್ದ ಹರಳು, ಹೆದ್ದಾರಿಯಲ್ಲಿ ಬಣ್ಣವನ್ನು ಚಕ್ಕೆಯೆಬ್ಬಿಸುತ್ತದೆ.

ಮದ್ದೂರಿನಿಂದ ಕೆ.ಎಂ.ದೊಡ್ಡಿಯ ಮಾರ್ಗವಾಗಿ ಮಳವಳ್ಳಿಗೆ ಹೊರಟವರಿಗೆ ಎದುರಾಗುವ ಕಷ್ಟವೇ ಬೇರೆ. ಅಲ್ಲಿ ವೇಗ ಕಡಿಮೆ, ಧೂಳು ಹೆಚ್ಚು. ಇದು ನಾಲೆಯ ನೀರು ಹರಿಯುವ ಕಬ್ಬಿನ ಸೀಮೆ. ಅರೆಯುವ ಹಂಗಾಮಿನಲ್ಲಿ ಎರಡು ಕಡೆಗೂ ಕಬ್ಬು ಚಾಚಿಕೊಂಡ ಟ್ರ್ಯಾಕ್ಟರು ಗಾಡಿಗಳು ಸಾಲುಗಟ್ಟಿ ಸಾಗುತ್ತವೆ; ಇಕ್ಕಟ್ಟಾದ ಕಡೆ ಅವುಗಳನ್ನು ದಾಟುವ ಕಾರಿನ ಪಕ್ಕಕ್ಕೆ ಕಬ್ಬಿನ ತುದಿಗಳು ಸವರದೆ ಬಿಡುವುದಿಲ್ಲ. ಕಬ್ಬಿನ ಸಿಪ್ಪೆಯನ್ನು ಉರಿಸುವ ಕುಲುಮೆಗಳ ಬೂದಿಯಲ್ಲಿ ಮರಳಿನ ಮೂಲವಸ್ತುವಾದ ಸಿಲಿಕಾ ಹೇರಳವಾಗಿರುತ್ತದೆ. ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿಗಳ ತೆನೆಯನ್ನು ರಸ್ತೆಯ ಮೇಲೆಯೇ ಹರಡುವುದುಂಟು. ಕಣ ಮಾಡುವ ಜಾಗವೂ ಆಳುಗಳೂ ಕಡಿಮೆಯಾದ ರೈತನಿಗೆ ಹಾದುಹೋಗುವ ಚಕ್ರಗಳೇ ರೋಣಗಲ್ಲು. ರೈತನಿಗೆ ಇದು ಅನುಕೂಲವೇ ಸರಿ. ಆದರೆ ಒಣಗಿದ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿ ಬೆಂಕಿ ಹೊತ್ತುವ ಅಪಾಯವೂ ಇದೆ. ಅದರ ಮುಂದೆ ಬಣ್ಣದ ಗೀರುಗಳು ಸಣ್ಣ ಮಾತು.

ಇಷ್ಟೆಲ್ಲ ಹೇಳಿದ ಮೇಲೂ, ಬಣ್ಣಕ್ಕೆ ಅತಿ ಹೆಚ್ಚಿನ ಗೀರುಗಳನ್ನು ಮಾಡುವುದು ರಸ್ತೆಯಲ್ಲ, ಮನೆಯ ಮುಂದಿನ ಒಣಬಟ್ಟೆ. ಮುಂಜಾನೆ ಎದ್ದು ಕಾರಿನ ಮೇಲಿನ ಧೂಳನ್ನು ಒಣಗಿದ ಬಟ್ಟೆಯಿಂದ ಒರೆಸುವುದು ಶುಚಿತ್ವದ ಲಕ್ಷಣವೆಂದು ಎಣಿಸಲಾಗಿದೆ. ಧೂಳಿನಲ್ಲಿರುವ ಮರಳಿನ ಕಣವು ಗಾಜಿಗಿಂತಲೂ ಗಟ್ಟಿ. ತಿಳಿಲೇಪವಂತೂ ಒಂದು ಬಗೆಯ ಪ್ಲಾಸ್ಟಿಕ್. ಒಣಬಟ್ಟೆಯು ಆ ಕಣಗಳನ್ನು ಹಿಡಿದು ಮೈಮೇಲೆಲ್ಲ ಎಳೆದಾಡುತ್ತದೆ. ಬಿಸಿಲಿನಲ್ಲಿ ಕರಿಯ ಕಾರಿನ ಮೇಲೆ ಜೇಡನ ಬಲೆಯಂತೆ ಕಾಣುವ ಸುತ್ತುಸುತ್ತಾದ ಗೀರುಗಳು ಹುಟ್ಟುವುದು ಹೀಗೆ. ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಅನಂತರ ತೊಳೆಯುವುದೇ ಸರಿಯಾದ ಕ್ರಮ. ಇದಕ್ಕೆ ಯಾವ ಖರ್ಚೂ ಇಲ್ಲ; ಆದುದರಿಂದಲೇ ಇದನ್ನು ಯಾರೂ ಮಾರುವುದಿಲ್ಲ.

ಗೀರು ಕಣ್ಣಿಗೆ ಮಾತ್ರ ನೋವು. ಚಕ್ಕೆ ಏಳುವುದು ಉಕ್ಕಿಗೇ ನೋವು. ಬಣ್ಣ ಹಾರಿ ಲೋಹ ಕಂಡ ಕಡೆ ತೇವವೂ ಆಮ್ಲಜನಕವೂ ಸೇರಿ ತುಕ್ಕನ್ನು ಹುಟ್ಟಿಸುತ್ತವೆ. ತುಕ್ಕು ತನ್ನ ಮೂಲಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಸುತ್ತಲಿನ ಬಣ್ಣವನ್ನು ಅಡಿಯಿಂದ ಎತ್ತುತ್ತ ಹರಡುತ್ತದೆ. ಸಾಸಿವೆಯಷ್ಟಿದ್ದ ಚುಕ್ಕೆ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಯಾಗಬಹುದು. ಹಕ್ಕಿಯ ಹಿಕ್ಕೆಯದು ಇನ್ನೊಂದು ಬಗೆ. ಬಿಸಿಲಿಗೆ ಮೆತ್ತಗಾದ ತಿಳಿಲೇಪವನ್ನು ಅದರ ಯೂರಿಕ್ ಆಮ್ಲ ತಿನ್ನುತ್ತದೆ. ಸಂಜೆ ತಂಪಾದಾಗ ಲೇಪವು ಆ ಒಣಗಿದ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಆ ಬಳಿಕ ಎಷ್ಟು ತೊಳೆದರೂ ಕಲೆಯ ನೆರಳು ಹೋಗದು.

ಒಂದು ವಸ್ತುವಿನ ಅಂದವನ್ನು ಮರೆಮಾಡದೆ ಅದನ್ನು ಕಾಪಾಡಬೇಕೆಂಬ ಆಸೆ ಹೊಸದಲ್ಲ. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ಚನ್ನಪಟ್ಟಣದ ಕುಶಲಕರ್ಮಿಗಳು ಈ ವಿದ್ಯೆಯನ್ನು ಬಹುಕಾಲದಿಂದ ಬಲ್ಲರು. ತಿರುಗಣಿಯಲ್ಲಿ ತಿರುಗುತ್ತಿರುವ ಹಾಲೆಮರದ ಬೊಂಬೆಗೆ ಅವರು ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ತಾಳೆಗರಿಯಿಂದ ಉಜ್ಜಿದರೆ ಮಿಂಚುತ್ತದೆ. ಅರಗು ಒಂದು ಸಣ್ಣ ಕೀಟದ ಸ್ರಾವ. ಅದನ್ನೇ ಆಧಾರವಾಗಿಟ್ಟುಕೊಂಡು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಆ ಸಂಸ್ಥೆಯನ್ನು ಜನರು ಹೆಚ್ಚಾಗಿ ಬಲ್ಲುದು ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ. ಅದೇ 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್ ನಗರದಲ್ಲಿ ಓಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಸಂಗಡಿಗರೂ ಪಾಲಿಯುರೆಥೇನ್ ಎಂಬ ಹೊಸ ವಸ್ತುವನ್ನು ಸೃಷ್ಟಿಸಿದರು. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಆದರೆ ಅರಗು ಮರಕ್ಕೆ ಮಾಡುತ್ತಿದ್ದ ಉಪಕಾರವನ್ನು ಕಾರಿಗೆ ಮಾಡಿದುದು ಈ ಎರಡನೆಯ ವಸ್ತು.

ಪಾಲಿಯುರೆಥೇನ್ ಪೊರೆಯು ಮೊದಲು ಕೆಲಸಕ್ಕೆ ಬಂದುದು ಯುದ್ಧದಲ್ಲಿ. 1960ರ ದಶಕದಲ್ಲಿ ವಿಯೆಟ್ನಾಮಿನಲ್ಲಿ ಅಮೆರಿಕದ ಹೆಲಿಕಾಪ್ಟರುಗಳು ಇಳಿಯುವಾಗ ಏಳುವ ಮರಳು ಕಲ್ಲುಗಳಿಂದ ರೆಕ್ಕೆಗಳ ಅಂಚು ಸವೆದುಹೋಗುತ್ತಿತ್ತು. ಅದನ್ನು ತಡೆಯಲು ತ್ರೀಎಂ ಸಂಸ್ಥೆಯು ಅಂಟುಳ್ಳ ಪೊರೆಯೊಂದನ್ನು ಒದಗಿಸಿತು. ಅಲ್ಲಿಂದ ಅದು ಪಂದ್ಯದ ಕಾರುಗಳಿಗೆ, ಅನಂತರ ಮನೆಯ ಕಾರುಗಳಿಗೆ ಬಂದಿತು. ಮೊದಮೊದಲಿನ ಪೊರೆಗಳು ಕೆಲವು ವರ್ಷಗಳಲ್ಲೇ ಹಳದಿಗಟ್ಟುತ್ತಿದ್ದವು. ಅಣುಗಳ ರಚನೆಯನ್ನು ಬದಲಿಸಿ, ಸೂರ್ಯನ ನೇರಳಾತೀತ ಕಿರಣಗಳನ್ನು ತಾಳಬಲ್ಲ ಬಗೆಯನ್ನು ಬಳಸಲಾರಂಭಿಸಿದ ಮೇಲೆ ಆ ದೋಷ ಬಹುಮಟ್ಟಿಗೆ ತಗ್ಗಿತು.

ಇಂದು ಪಿಪಿಎಫ್ ಎಂಬ ಮೂರಕ್ಷರಗಳಿಂದ ಅಂಗಡಿಗಳಲ್ಲಿ ಕರೆಯಲ್ಪಡುವ ಈ ಪೊರೆಯ ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಎಂದರೆ ಕಾರಿನ ಬಣ್ಣಕ್ಕಿಂತ ಬಣ್ಣದ ಕವಚವೇ ದಪ್ಪ. ಅಡಿಯಲ್ಲಿ ಅಂಟು, ನಡುವೆ ಪಾಲಿಯುರೆಥೇನ್, ಮೇಲೆ ಕೆಲವೇ ಮೈಕ್ರಾನಿನ ನುಣುಪು ಲೇಪ. ಕಲ್ಲು ಬಡಿದಾಗ ನಡುವಿನ ಪದರವು ರಬ್ಬರಿನಂತೆ ತಗ್ಗಿ, ಹೊಡೆತವನ್ನು ಸುತ್ತಲೂ ಹಂಚಿ, ಮತ್ತೆ ತನ್ನ ಸ್ಥಿತಿಗೆ ಮರಳುತ್ತದೆ. ಮೇಲಿನ ಲೇಪಕ್ಕೆ ಮತ್ತೊಂದು ಗುಣವಿದೆ. ಸಣ್ಣ ಗೀರು ಬಿದ್ದರೆ ಬಿಸಿಲಿನ ಅಥವಾ ಬಿಸಿನೀರಿನ ಕಾವಿಗೆ ಅದರ ಅಣುಸರಪಳಿಗಳು ಸಡಿಲಗೊಂಡು, ಮೊದಲಿನ ಜೋಡಣೆಗೆ ಹಿಂದಿರುಗಿ, ಗೀರು ಮಾಯವಾಗುತ್ತದೆ. ಇದನ್ನು ಕಂಡವರು ಮಾಟವೆಂದು ಬೆರಗಾಗುತ್ತಾರೆ. ಆದರೆ ನಡುವಿನ ಪದರದವರೆಗೆ ಇಳಿದ ಗಾಯವನ್ನು ಯಾವ ಬಿಸಿಲೂ ಮಾಯಿಸಲಾರದು.

ಪೊರೆಯನ್ನು ಹೊದಿಸುವ ಕೆಲಸ ತಾಳ್ಮೆಯದು. ಮೊದಲು ಕಾರನ್ನು ತೊಳೆದು, ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ವಿಶೇಷವಾದ ಜೇಡಿಯಿಂದ ಉಜ್ಜಿ ತೆಗೆಯುತ್ತಾರೆ. ಸಾಬೂನಿನ ನೀರನ್ನು ಬಣ್ಣಕ್ಕೂ ಅಂಟಿಗೂ ಸಿಂಪಡಿಸಿದರೆ ಪೊರೆಯು ಜಾರುತ್ತ ತನ್ನ ಜಾಗಕ್ಕೆ ಕೂರುತ್ತದೆ. ಬಳಿಕ ರಬ್ಬರಿನ ಹಲಗೆಯಿಂದ ನೀರನ್ನೂ ಗಾಳಿಯನ್ನೂ ಹೊರಗೆ ತಳ್ಳುತ್ತಾರೆ. ಒಂದು ಧೂಳಿನ ಕಣ ಒಳಗೆ ಸಿಕ್ಕಿದರೂ ಅದು ಪೊರೆ ಇರುವಷ್ಟು ಕಾಲವೂ ಗುಳ್ಳೆಯಾಗಿ ಕಾಣುತ್ತದೆ. ರಸ್ತೆಯ ಬದಿಯಲ್ಲಿ, ತೆರೆದ ಬಾಗಿಲಿನ ಕೊಠಡಿಯಲ್ಲಿ ಈ ಕೆಲಸ ಸಲ್ಲದೆಂಬುದು ಇದರಿಂದಲೇ ತಿಳಿಯುತ್ತದೆ. ಅಂಚುಗಳನ್ನು ಸಾಧ್ಯವಾದ ಕಡೆ ಒಳಮಗ್ಗುಲಿಗೆ ಮಡಿಸಬೇಕು. ಹಾಗೆಯೇ ಬಿಟ್ಟ ಅಂಚಿನಲ್ಲಿ ಕೆಮ್ಮಣ್ಣಿನ ಧೂಳು ಕೂತು ಕಪ್ಪುಗೆರೆಯಾಗುತ್ತದೆ. ಪೊರೆಯನ್ನು ಕಾರಿನ ಮೇಲಿಟ್ಟು ಅಲಗಿನಿಂದ ಕತ್ತರಿಸುವವರ ಕೈ ಒಂದು ಕ್ಷಣ ಬಿಗಿಯಾದರೂ ಬಣ್ಣವೇ ಕತ್ತರಿಸಿಹೋಗುತ್ತದೆ. ಕಾಪಾಡಲು ಬಂದುದೇ ಕೆಡಿಸಿದಂತಾಗುತ್ತದೆ. ಆದುದರಿಂದ ಮೊದಲೇ ಯಂತ್ರದಿಂದ ಕತ್ತರಿಸಿದ ತುಂಡುಗಳನ್ನು ಬಳಸುವುದು ಮೇಲು.

ಕೊಳ್ಳುವವನು ಎಚ್ಚರ ವಹಿಸಬೇಕಾದುದು ಹೆಸರುಗಳ ವಿಷಯದಲ್ಲಿ. ಪಿವಿಸಿಯಿಂದ ಮಾಡಿದ ಅಗ್ಗದ ಪೊರೆಯೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದು ಬಿಸಿಲಿಗೆ ಗಡಸಾಗಿ, ಹಳದಿಗಟ್ಟಿ, ಕೀಳುವಾಗ ತುಂಡುತುಂಡಾಗುತ್ತದೆ. ಸೆರಾಮಿಕ್ ಲೇಪವೆಂಬುದು ಬೇರೆಯೇ ವಸ್ತು. ಅದು ಒಂದೆರಡು ಮೈಕ್ರಾನ್ ದಪ್ಪದ ದ್ರವಲೇಪ; ನೀರು ಹರಳುಗಟ್ಟಿ ಉರುಳುವಂತೆ ಮಾಡುತ್ತದೆ, ತೊಳೆಯುವುದನ್ನು ಸುಲಭಗೊಳಿಸುತ್ತದೆ, ಕಲ್ಲನ್ನು ಮಾತ್ರ ತಡೆಯಲಾರದು. ಗಾಜಿಗೆ ಅಂಟಿಸುತ್ತಿದ್ದ ಕರಿಯ ಪೊರೆಯನ್ನು 2012ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿತು. ಬಣ್ಣದ ಮೇಲಿನ ಪಾರದರ್ಶಕ ಪೊರೆಗೂ ಆ ತೀರ್ಪಿಗೂ ಸಂಬಂಧವಿಲ್ಲ.

ಇಡೀ ಕಾರಿಗೆ ಒಳ್ಳೆಯ ಪೊರೆಯನ್ನು ಹೊದಿಸಲು ತಗಲುವ ವೆಚ್ಚ ಲಕ್ಷ ರೂಪಾಯಿಯನ್ನು ದಾಟುವುದೂ ಉಂಟು. ಕಬ್ಬಿನ ಹಣ ಕೈಗೆ ಬಂದ ಮೇಲೆ ಸಾಲವನ್ನೂ ಸೇರಿಸಿ ಸಾಧಾರಣ ಕಾರನ್ನು ಕೊಂಡ ಮನೆಗೆ ಅಷ್ಟು ವೆಚ್ಚ ಯುಕ್ತವೆನ್ನಲಾಗದು. ಕಲ್ಲು ಬಡಿಯುವುದು ಇಡೀ ಕಾರಿಗಲ್ಲ. ಮುಂದಿನ ಬಂಪರು, ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು, ಚಕ್ರದ ಹಿಂದಿನ ಕೆಳಪಟ್ಟಿ, ಬಾಗಿಲ ಹಿಡಿಯ ಒಳಗುಳಿ, ಇಷ್ಟಕ್ಕೆ ಹೊದಿಸಿದರೆ ಹೊಡೆತದ ಬಹುಪಾಲನ್ನು ತಡೆದಂತಾಗುತ್ತದೆ. ದಿನವೂ ಮೈಸೂರಿಗೋ ಬೆಂಗಳೂರಿಗೋ ಹೋಗಿಬರುವ ಬಾಡಿಗೆ ಕಾರಿಗೆ ಇದು ಉಪಯುಕ್ತ. ವಾರಕ್ಕೊಮ್ಮೆ ಮಳವಳ್ಳಿಯ ಸಂತೆಗೋ ಶಿವನಸಮುದ್ರದ ಗಗನಚುಕ್ಕಿಗೋ ಹೋಗಿಬಂದು ಉಳಿದ ದಿನಗಳಲ್ಲಿ ಕೊಟ್ಟಿಗೆಯ ನೆರಳಿನಲ್ಲಿ ನಿಲ್ಲುವ ಕಾರಿಗೆ ಒಂದು ಬಕೆಟ್ಟು ನೀರು, ಮೆತ್ತನೆಯ ಬಟ್ಟೆ, ವರ್ಷಕ್ಕೆ ಎರಡು ಸಲ ಮೇಣದ ಪಾಲಿಷು ಸಾಕು. ಚಕ್ಕೆ ಎದ್ದ ಕಡೆ ಕೂಡಲೆ ಒಂದು ತೊಟ್ಟು ಬಣ್ಣ ಮುಟ್ಟಿಸಿದರೆ ತುಕ್ಕು ನಿಲ್ಲುತ್ತದೆ. ಅಂಗಡಿಯವರು ಈ ಲೆಕ್ಕವನ್ನು ಸುಲಭವಾಗಿ ಒಪ್ಪರು.

ಪೊರೆ ಹೊದಿಸಿದ ಕಾರಿಗೂ ಆಯುಧಪೂಜೆ ತಪ್ಪದು. ಅರಿಸಿನದ ಬಣ್ಣವು ಪ್ಲಾಸ್ಟಿಕ್ಕಿನೊಳಗೆ ಇಳಿಯುವ ಸ್ವಭಾವದ್ದು. ಬಿಳಿಯ ಕಾರಿನ ಪೊರೆಯ ಮೇಲೆ ಅರಿಸಿನ ಕುಂಕುಮಗಳನ್ನು ಎರಡು ದಿನ ಬಿಟ್ಟರೆ ಕಲೆ ನಿಲ್ಲಬಹುದು. ಸಂಜೆಯೊಳಗೆ ತೊಳೆದರೆ ಭಯವಿಲ್ಲ. ಉಳಿದ ಅರಿಸಿನದ ಕಲೆಯನ್ನು ಬಿಸಿಲೇ ಮೆಲ್ಲಮೆಲ್ಲನೆ ಅಳಿಸುವುದೂ ಉಂಟು.

ಒಳ್ಳೆಯ ಪೊರೆಯ ಆಯುಷ್ಯ ಐದರಿಂದ ಹತ್ತು ವರ್ಷ. ಅನಂತರ ಬಿಸಿಗಾಳಿಯನ್ನು ಊದಿ ಅಂಟನ್ನು ಸಡಿಲಿಸುತ್ತ, ಮೈಗೆ ತಾಗಿದಂತೆ ಓರೆಯಾಗಿ ಎಳೆಯುತ್ತ, ಹಾವು ತನ್ನ ಪೊರೆಯನ್ನು ಬಿಡುವಂತೆ ಅದನ್ನು ಬಿಡಿಸುತ್ತಾರೆ. ಕಾರ್ಖಾನೆಯಲ್ಲಿ ಬೇಯಿಸಿ ಗಟ್ಟಿಗೊಳಿಸಿದ ಬಣ್ಣವು ಇದನ್ನು ತಾಳಿಕೊಳ್ಳುತ್ತದೆ. ಅಪಘಾತವಾಗಿ ಮತ್ತೆ ಬಳಿಸಿದ ಭಾಗವಾದರೆ ಬಣ್ಣವೂ ಪೊರೆಯ ಜೊತೆಗೆ ಎದ್ದು ಬರಬಹುದು. ಅಂಥ ಕಡೆ ಮೊದಲೇ ಹೊದಿಸದಿರುವುದು ಲೇಸು. ಬಾನೆಟ್ಟಿನ ಅರ್ಧಕ್ಕೆ ಮಾತ್ರ ಹೊದಿಸಿದ್ದ ಕಾರಿನಲ್ಲಿ, ಪೊರೆಯ ಅಡಿಯಲ್ಲಿದ್ದ ಬಣ್ಣವು ಹೊಸದರಂತೆ ಉಳಿದು, ಬಿಸಿಲುಂಡ ಇನ್ನರ್ಧವು ತುಸು ಮಾಸಿ, ಎರಡರ ನಡುವೆ ಒಂದು ತೆಳುವಾದ ಗೆರೆ ಕೆಲಕಾಲ ಕಾಣುವುದುಂಟು. ಮಾಸಿದ ಅರ್ಧವನ್ನು ಪಾಲಿಷಿನಿಂದ ಉಜ್ಜಿ ಅದನ್ನು ಅಳಿಸುತ್ತಾರೆ.