ಏಜೆನ್ಸಿ ಕೊಳ್ಳುವ ಮೊದಲು, ಮೋಸ ಹೋದ ಮೇಲೆ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೀರಿ. ಆದರೆ ಪೇಟೆಯಿಂದ ಕಾರಿನಲ್ಲಿ ಬಂದವರು “ನಮ್ಮ ಕಂಪೆನಿಯ ಏಜೆನ್ಸಿ ನಿಮಗೇ” ಎಂದರೆ ಸಾಕು, ಜಗಲಿಯ ಮೇಲೆಯೇ ಹಣ ಎಣಿಸಿ ಕೊಡುವವರು ನಮ್ಮಲ್ಲಿದ್ದಾರೆ.

ನಮ್ಮ ಹೋಬಳಿಯ ಒಬ್ಬ ರೈತರು ಹೀಗೆಯೇ ಜೈವಿಕ ಗೊಬ್ಬರದ ಏಜೆನ್ಸಿ ಪಡೆದರು. ತಾಯಿಯ ಸರ ಒತ್ತೆ ಇಟ್ಟು, ಜೋಡೆತ್ತು ಮಾರಿ, ಎರಡೂವರೆ ಲಕ್ಷ ರೂಪಾಯಿ ಕಟ್ಟಿದರು. ಬಂದವರು ಹೇಳಿದ ಮಾತು ಮೂರು: ಹೋಬಳಿಗೆಲ್ಲ ನೀವೊಬ್ಬರೇ ಏಜೆಂಟರು, ಮಾರಾಟವಾಗದ ಮಾಲನ್ನು ಆರು ತಿಂಗಳಲ್ಲಿ ವಾಪಸು ಪಡೆಯುತ್ತೇವೆ, ನಿಮ್ಮ ಹೆಸರಿಗೆ ಪರವಾನಗಿ ಆಗಲೇ ಆಗಿದೆ. ಎರಡು ತಿಂಗಳಲ್ಲಿ ಪಕ್ಕದ ಊರಿನಲ್ಲಿ ಅದೇ ಕಂಪೆನಿಯ ಇನ್ನೊಂದು ಅಂಗಡಿ ತೆರೆಯಿತು. ಪರವಾನಗಿ ಆಗಿಯೇ ಇರಲಿಲ್ಲ. ಡಬ್ಬಗಳು ಪಡಸಾಲೆಯಲ್ಲಿಯೇ ಉಳಿದವು. ಕರಾರು ಪತ್ರವನ್ನು ಅವರು ಮೊದಲೇ ನನಗೆ ತೋರಿಸಿದ್ದರು. ನಾನು ಗೊಬ್ಬರದ ಗುಣ ನೋಡಿದೆನೇ ಹೊರತು ಷರತ್ತು ಓದಲಿಲ್ಲ. ಆ ತಪ್ಪು ನನ್ನದು. ಆದುದರಿಂದಲೇ ವಕೀಲರಲ್ಲಿ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಕಾನೂನು ಏನು ಹೇಳುತ್ತದೆ?

ಹಣ ಕೊಟ್ಟು ಒಂದು ಕಂಪೆನಿಯ ಹೆಸರಿನಲ್ಲಿ ವ್ಯಾಪಾರ ಮಾಡುವ ಹಕ್ಕು ಪಡೆಯುವುದಕ್ಕೆ ಫ್ರಾಂಚೈಸಿ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಇಂಥದ್ದನ್ನೆಲ್ಲ ಏಜೆನ್ಸಿ ಎಂದೇ ಕರೆಯುತ್ತಾರೆ. ಇದಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಹಾಗೆಂದು ಮೋಸ ಹೋದವರಿಗೆ ದಾರಿಯೇ ಇಲ್ಲವೆಂದು ತಿಳಿಯಬಾರದು. 1872ರ ಭಾರತೀಯ ಕರಾರು ಕಾಯಿದೆ ಈಗಲೂ ಜಾರಿಯಲ್ಲಿದೆ.

ಅದರ 17ನೆಯ ಕಲಮಿನಂತೆ ಸುಳ್ಳೆಂದು ತಿಳಿದೂ ನಿಜವೆಂದು ಹೇಳುವುದು, ಇರುವ ಸಂಗತಿಯನ್ನು ಬೇಕೆಂದೇ ಬಚ್ಚಿಡುವುದು, ನಡೆಸುವ ಮನಸ್ಸೇ ಇಲ್ಲದೆ ಮಾತು ಕೊಡುವುದು, ಇವೆಲ್ಲ ವಂಚನೆ. ಹೇಳಿದವರು ತಾವೇ ನಿಜವೆಂದು ನಂಬಿದ್ದರೂ ಮಾತು ತಪ್ಪಾಗಿದ್ದರೆ, ಅದು 18ನೆಯ ಕಲಮಿಗೆ ಬರುತ್ತದೆ. ಇಂಥ ಮಾತು ನಂಬಿ ಒಪ್ಪಿದವರಿಗೆ 19ನೆಯ ಕಲಮು ಎರಡು ದಾರಿ ಕೊಡುತ್ತದೆ. ಕರಾರನ್ನು ರದ್ದು ಮಾಡಬಹುದು. ಇಲ್ಲವೇ ಕರಾರನ್ನು ಉಳಿಸಿಕೊಂಡು, ಹೇಳಿದ ಮಾತು ನಿಜವಾಗಿದ್ದರೆ ತಮಗೆ ಯಾವ ಸ್ಥಿತಿ ಇರುತ್ತಿತ್ತೋ ಅದನ್ನು ಒದಗಿಸಿ ಎಂದು ಕೇಳಬಹುದು.

ಆದರೆ ಒಂದು ಭೇದ ತಿಳಿಯಬೇಕು. “ವ್ಯಾಪಾರ ಬಹಳ ಚೆನ್ನಾಗಿ ನಡೆಯುತ್ತದೆ” ಎಂಬುದು ಬರಿಯ ಹೊಗಳಿಕೆ. ಅದನ್ನು ಹಿಡಿದು ದಾವೆ ಹೂಡುವುದು ಕಷ್ಟ. “ಪರವಾನಗಿ ಆಗಿದೆ” ಎಂಬುದು ಸಂಗತಿ. ಅದು ಸುಳ್ಳಾದರೆ ನಿಮಗೆ ಬಲ ಬರುತ್ತದೆ. ಇನ್ನೊಂದು ಮಾತು. ಸಾಧಾರಣ ಎಚ್ಚರಿಕೆಯಿಂದ ವಿಚಾರಿಸಿದ್ದರೆ ನಿಜ ತಿಳಿಯುತ್ತಿತ್ತು ಎಂದು ಕಂಡುಬಂದರೆ, ಕೆಲವು ಪ್ರಸಂಗಗಳಲ್ಲಿ ರದ್ದು ಮಾಡುವ ಹಕ್ಕು ಇರುವುದಿಲ್ಲ.

“ಕಟ್ಟಿದ ಹಣ ವಾಪಸು ಕೊಡುವುದಿಲ್ಲ” ಎಂದು ಕರಾರಿನಲ್ಲಿ ಅಚ್ಚಾಗಿದೆಯಲ್ಲ ಎಂದು ಅನೇಕರು ಕೈ ಚೆಲ್ಲುತ್ತಾರೆ. ಕರಾರೇ ವಂಚನೆಯಿಂದ ಆದುದೆಂದು ರುಜುವಾತಾದರೆ ಆ ಒಂದು ಸಾಲು ಕಂಪೆನಿಯನ್ನು ಕಾಪಾಡಲಾರದು. ಬಾಯಿಮಾತಿನ ವಂಚನೆಯನ್ನೂ ಸಾಕ್ಷಿಗಳ ಮೂಲಕ ರುಜುವಾತು ಮಾಡಬಹುದು.

ಮೋಸವೆಂದು ತಿಳಿದ ಕೂಡಲೆ ಏನು ಮಾಡಬೇಕು?

1. ಆ ಏಜೆನ್ಸಿಯ ವ್ಯಾಪಾರವನ್ನು ನಿಲ್ಲಿಸಿ. ಮೋಸ ತಿಳಿದ ಮೇಲೂ ಮಾಲು ಮಾರುತ್ತ ಹೋದರೆ ಕರಾರನ್ನು ಒಪ್ಪಿಕೊಂಡಂತೆ ಆಗಬಹುದು. ಉಳಿದ ಮಾಲನ್ನು ಕೆಡದಂತೆ ಇಡಿ. ರದ್ದು ಮಾಡಿದರೆ ನೀವು ಪಡೆದುದನ್ನು ನೀವೂ ಹಿಂತಿರುಗಿಸಬೇಕಾಗುತ್ತದೆ.

2. ರಸೀತಿ, ಬ್ಯಾಂಕಿನ ಚೀಟಿ, ಜಾಹೀರಾತು, ಮೊಬೈಲಿನಲ್ಲಿ ಬಂದ ಸಂದೇಶ ಎಲ್ಲವನ್ನೂ ಕಾಪಾಡಿ. ಮಾತುಕತೆಯ ಕಾಲಕ್ಕೆ ಯಾರು ಯಾರಿದ್ದರೆಂದು ಬರೆದಿಡಿ.

3. ಕರಾರು ರದ್ದು ಮಾಡಿರುವುದಾಗಿಯೂ ಹಣ ಹಿಂತಿರುಗಿಸಬೇಕೆಂದೂ ವಕೀಲರ ಮೂಲಕ ನೋಟಿಸು ಕಳುಹಿಸಿ. ಸ್ಪೀಡ್ ಪೋಸ್ಟಿನ ರಸೀತಿ ನಿಮ್ಮಲ್ಲಿರಲಿ.

4. ಹಣ ಬಾರದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ರದ್ದತಿಯ ದಾವೆಗೆ ವಾಯಿದೆ ಮೋಸ ತಿಳಿದಂದಿನಿಂದ 3 ವರ್ಷ. ಕರಾರಿನಲ್ಲಿ ಮಧ್ಯಸ್ಥಗಾರರ ಷರತ್ತಿದ್ದರೆ ವಕೀಲರಿಗೆ ಮೊದಲೇ ತಿಳಿಸಿ.

5. ಮೊದಲಿನಿಂದಲೇ ವಂಚಿಸುವ ಉದ್ದೇಶವಿದ್ದರೆ ಪೊಲೀಸರಿಗೆ ದೂರು ಕೊಡಿ. 2024ರ ಜುಲೈ 1ರಿಂದ ಈಚಿನ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಅನ್ವಯಿಸುತ್ತದೆ. ಅದಕ್ಕೆ ಹಿಂದಿನದಕ್ಕೆ ಹಳೆಯ ದಂಡ ಸಂಹಿತೆಯ 420. ಮೊಬೈಲ್ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಶಿಕ್ಷೆಯಾದ ಮಾತ್ರಕ್ಕೆ ಹಣ ತಾನಾಗಿ ಮನೆಗೆ ಬಾರದು. ಅದಕ್ಕೆ ಸಿವಿಲ್ ದಾವೆ ಬೇಕಾಗಬಹುದು.

ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂದು ಕೇಳುವವರುಂಟು. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸಾಮಾನ್ಯವಾಗಿ ಗ್ರಾಹಕರೆಂದು ಎಣಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರಿಗೆ ವಿನಾಯಿತಿ ಇದೆ. ನಿಮ್ಮದು ಯಾವುದೆಂದು ವಕೀಲರನ್ನು ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ಉಚಿತ ನೆರವು ಉಂಟು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಹಣ ಕೊಡುವ ಮೊದಲು

ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ಬಂದವರು ಹೇಳಿದ ಪ್ರತಿಯೊಂದು ಮಾತನ್ನೂ ಕರಾರಿನಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಆ ಮಾತಿಗೆ ಬೆಲೆಯಿಲ್ಲವೆಂದು ತಿಳಿಯಿರಿ. ಇಂಗ್ಲಿಷಿನ ಪತ್ರವಾದರೆ ತಿಳಿದವರಿಂದ ಓದಿಸಿ, ಒಂದು ಪ್ರತಿ ಪಡೆಯಿರಿ. ಅವರ ಹಳೆಯ ಏಜೆಂಟರ ಅಂಗಡಿಗೆ ಹೋಗಿ ವಿಚಾರಿಸಿ. ಗೊಬ್ಬರ, ಬೀಜ, ಕೀಟನಾಶಕಗಳನ್ನು ಮಾರಲು ಅನುಮತಿ ಬೇಕೇ ಬೇಕು. ಗೊಬ್ಬರವಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ‘ಓ’ ನಮೂನೆಯ ಪತ್ರವನ್ನು ಕಂಪೆನಿಯಿಂದ ಕೇಳಿ. ಜೈವಿಕ ಗೊಬ್ಬರಕ್ಕೂ ಆ ಆದೇಶ ಅನ್ವಯಿಸುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ವಿವರ ದೊರೆಯುತ್ತದೆ.

ಮೇಲೆ ಹೇಳಿದ ರೈತರ ನೋಟಿಸು ಈಗ ಹೋಗಿದೆ. ಸರ ಇನ್ನೂ ಒತ್ತೆಯಲ್ಲಿಯೇ ಇದೆ. ನಿಮ್ಮ ಮನೆಗೆ ಇಂಥ ಕರಾರು ಬಂದರೆ ಸಹಿ ಹಾಕುವ ಮೊದಲು ನನಗೊಮ್ಮೆ ತೋರಿಸಿ. ಈ ಸಲ ಷರತ್ತುಗಳನ್ನೂ ಓದುತ್ತೇನೆ.