ಬಯಲು ಸಂಗ್ರಹಾಲಯವೂ ಬಾಳುವ ಹಳ್ಳಿಯೂ

ಹಳೆಯ ಕಾಲದ ವಸ್ತುಗಳನ್ನು ನೋಡಬೇಕಾದರೆ ಮ್ಯೂಸಿಯಮ್ಮಿಗೆ ಹೋಗಬೇಕೆಂಬುದು ನಮ್ಮೆಲ್ಲರ ತಿಳಿವಳಿಕೆ. ಅಲ್ಲಿ ಗಾಜಿನ ಬೀರುವಿನೊಳಗೆ ಒಂದು ಕತ್ತಿ, ಒಂದು ನಾಣ್ಯ, ಒಂದು ತಾಮ್ರಶಾಸನ ಇರುತ್ತವೆ. ಪಕ್ಕದಲ್ಲಿ ಒಂದು ಚೀಟಿಯೂ ಇರುತ್ತದೆ. ಕತ್ತಿಗೆ ಇಷ್ಟು ಸಾಕಾಗಬಹುದು. ಆದರೆ ಬಿತ್ತುವ ಕೂರಿಗೆಯನ್ನು ಗಾಜಿನೊಳಗಿಟ್ಟರೆ ಅದರಿಂದ ಏನು ತಿಳಿದೀತು? ಅದನ್ನೆಳೆಯುವ ಎತ್ತು, ಬಟ್ಟಲಿಗೆ ಕಾಳು ಬಿಡುವ ಕೈ, ಹದಕ್ಕೆ ಬಂದ ಎರೆಯ ಮಣ್ಣು, ಇವಿಲ್ಲದೆ ಕೂರಿಗೆಯು ಬರಿಯ ಕಟ್ಟಿಗೆಯಷ್ಟೆ. ಈ ಕೊರತೆಯನ್ನು ನೀಗಬೇಕೆಂದು ಹುಟ್ಟಿದುದೇ ಬಯಲು ವಸ್ತುಸಂಗ್ರಹಾಲಯ.

ಸ್ವೀಡನ್ ದೇಶದ ಆರ್ಟುರ್ ಹಾಜೆಲಿಯಸ್ ಎಂಬ ವಿದ್ವಾಂಸನು 1891ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಸ್ಕಾನ್ಸೆನ್ ಎಂಬ ಸಂಗ್ರಹಾಲಯವನ್ನು ತೆರೆದನು. ಕಾರ್ಖಾನೆಗಳು ಬೆಳೆದು ಹಳ್ಳಿಯ ಬದುಕು ಮಾಯವಾಗುತ್ತಿದ್ದ ಕಾಲವದು. ಅವನು ನಾಡಿನ ನಾನಾ ಭಾಗಗಳಿಂದ ರೈತರ ಮನೆಗಳನ್ನು ಬಿಚ್ಚಿ ತಂದು ಹಾಗೆಯೇ ಮತ್ತೆ ನಿಲ್ಲಿಸಿದನು; ಅಂದಿನ ಉಡುಪಿನ ಜನರನ್ನು ಅವುಗಳಲ್ಲಿರಿಸಿ ಅಂದಿನ ಕೆಲಸಗಳನ್ನು ಮಾಡಿಸಿದನು. ನೋಡುವುದರ ಜೊತೆಗೆ ಕೇಳುವುದು, ಮೂಸುವುದು, ಮಾತನಾಡಿಸುವುದು, ಇವೂ ವಿದ್ಯಾಭ್ಯಾಸವೇ ಎಂಬುದು ಆ ಏರ್ಪಾಟಿನ ತತ್ತ್ವ.

ಕನ್ನಡ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ರೀತಿಗಳು ಮಾತ್ರ ಬೇರೆ ಬೇರೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕವು 1994ರಲ್ಲಿ ತೆರೆಯಿತು. ಸುಮಾರು 15 ಎಕರೆಯ ಆವರಣದಲ್ಲಿ ಒಕ್ಕಲುತನದ ಮತ್ತು ಅಡಿಗೆಮನೆಯ ಸಾಮಗ್ರಿಗಳೂ ಕುಣಿತದ ವೇಷಭೂಷಣಗಳೂ ಅಲ್ಲಿವೆ. ಮಣಿಪಾಲದ ಹಸ್ತಶಿಲ್ಪ ಗ್ರಾಮವು ವಿಜಯನಾಥ ಶೆಣೈಯವರ ಶ್ರಮದ ಫಲ. ಇದು ಸ್ಕಾನ್ಸೆನ್ನಿನಂತೆ ಹಳೆಯ ಮನೆಗಳನ್ನೇ ಕಳಚಿ ತಂದು ಕಟ್ಟಿದ ಊರು. ಬಿಜಾಪುರದ ಕಡೆಯವರಿಗೆ ಅಲ್ಲೊಂದು ಪರಿಚಯದ ಗುರುತು ಸಿಕ್ಕುತ್ತದೆ: ಮುಧೋಳ ಸಂಸ್ಥಾನದ ದರ್ಬಾರು ಹಜಾರವು ಈಗ ಮಣಿಪಾಲದಲ್ಲಿ ನಿಂತಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಸೊಲಬಕ್ಕನವರು ರಚಿಸಿದ ಉತ್ಸವ ರಾಕ್ ಗಾರ್ಡನ್ನಿನ ಹಾದಿ ಮೂರನೆಯದು. ಅಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಜನ ಆಳೆತ್ತರದ ಪ್ರತಿಮೆಗಳಾಗಿ ತಮ್ಮ ತಮ್ಮ ಕಸುಬಿನಲ್ಲಿ ತೊಡಗಿದ್ದಾರೆ.

ಇಂತಹ ಸ್ಥಳಗಳಿಗೆ ಹೋಗುವವರು ಒಂದು ಎಚ್ಚರಿಕೆಯನ್ನು ಜೊತೆಗೆ ಒಯ್ಯಬೇಕು. ಅಮೆರಿಕದ ವಿಲಿಯಮ್ಸ್‌ಬರ್ಗ್ ಎಂಬ ಪಟ್ಟಣವನ್ನು 1926ರಿಂದೀಚೆಗೆ ರಾಕ್‌ಫೆಲರರ ಹಣದಿಂದ ಹದಿನೆಂಟನೆಯ ಶತಮಾನದ ರೂಪಕ್ಕೆ ತಿರುಗಿಸಿದರು. ಬಹಳ ಸೊಗಸಾದ ಕೆಲಸ. ಆದರೆ ಆ ಕಾಲದಲ್ಲಿ ಅಲ್ಲಿನ ನಿವಾಸಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನೀಗ್ರೋ ಜನರು, ಹೆಚ್ಚು ಕಡಿಮೆ ಎಲ್ಲರೂ ಗುಲಾಮರು. ಅವರ ಬಾಳನ್ನು ನೋಟಕರಿಗೆ ತೋರಿಸುವ ಏರ್ಪಾಟು ನೆಲೆಗೊಂಡುದು 1979ರಿಂದೀಚೆಗೆ. ಚೊಕ್ಕಟವಾದ ಗತಕಾಲವು ಅರ್ಧಸತ್ಯ. ಯಾರ ಮನೆ ಇಲ್ಲಿ ಕಾಣುತ್ತಿಲ್ಲ ಎಂಬುದೇ ಅಲ್ಲಿ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ.

ಈ ದೃಷ್ಟಿಯಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನು ನೋಡೋಣ. ಇಲ್ಲಿಯ ಹಳ್ಳಿಗಳಲ್ಲಿ ಹಳೆಯ ಮನೆಯೊಂದು ಉಳಿದಿದ್ದರೆ ಅದೇ ಒಂದು ಪಾಠ. ಕಲ್ಲು ಮಣ್ಣಿನ ದಪ್ಪ ಗೋಡೆ. ತೊಲೆಗಳ ಮೇಲೆ ಜಂತಿ, ಅದರ ಮೇಲೆ ಮಣ್ಣು ಹಾಸಿದ ಸಮನಾದ ಮಾಳಿಗೆ. ಮಳೆ ಕಡಿಮೆ, ಬಿಸಿಲು ಬಹಳ. ಆದುದರಿಂದ ಇಳಿಜಾರಿನ ಸೂರು ಬೇಕಿಲ್ಲ, ತಂಪು ಬೇಕು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳು, ಮೇಲಿನ ಪಡಸಾಲೆಯಲ್ಲಿ ಜನ.

ಇನ್ನು ಹಗೇವು. ನೆಲದಲ್ಲಿ ಹೂಜಿಯಂತೆ ಕಿರಿದಾದ ಬಾಯಿಯ ಕುಳಿಯನ್ನು ತೋಡಿ, ಒಳಮೈಗೆ ಜೋಳದ ದಂಟನ್ನೋ ಹುಲ್ಲನ್ನೋ ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯು ಬೇಗನೆ ಕೆಟ್ಟು ಹುಳುಗಳು ಬದುಕಲಾರವು. ಕಾಳು ವರುಷಗಟ್ಟಲೆ ಕೆಡದು. ಅದೇ ಕಾರಣದಿಂದ ಹಗೇವನ್ನು ತೆರೆದೊಡನೆ ಇಳಿದವನ ಪ್ರಾಣಕ್ಕೆ ಅಪಾಯ. ಗಾಳಿಯಾಡಲು ಬಿಟ್ಟು ಅನಂತರ ಇಳಿಯಬೇಕು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯ ಸೀಮೆ ಇದು. 1876–78ರ ಮಹಾಕ್ಷಾಮದಲ್ಲಿ ಅಸಂಖ್ಯ ಜನರನ್ನು ಕಳೆದುಕೊಂಡ ಸೀಮೆಯೂ ಇದೇ. ಈ ಎರಡನ್ನೂ ಹೇಳಿದರೆ ಮಾತ್ರ ಹಗೇವಿನ ಅರ್ಥ ಪೂರ್ತಿಯಾಗುತ್ತದೆ. ಅದು ಸುಗ್ಗಿಯ ಉಗ್ರಾಣವೂ ಹೌದು, ಬರದ ಭಯವೂ ಹೌದು.

ವಸ್ತುಗಳು ಉಳಿದರೂ ಕೆಲಸ ಉಳಿಯುವುದು ಕಷ್ಟ. ಕಣದ ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಯ ಮೇಲೆ ತುಳಿಸುತ್ತ ರಾತ್ರಿಯೆಲ್ಲ ಹಂತಿಯ ಪದಗಳನ್ನು ಹಾಡುತ್ತಿದ್ದರು. ಎತ್ತಿನ ನಡಿಗೆಯೇ ಆ ಹಾಡಿನ ಲಯ. ಒಕ್ಕಣೆಯ ಯಂತ್ರ ಬಂದ ಮೇಲೆ ಎತ್ತೂ ಹೋಯಿತು, ಹಾಡಿಗೆ ಎಡೆಯೂ ಹೋಯಿತು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ, ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಯಿಂದ ಪದಗಳನ್ನು ಬರೆದುಕೊಂಡು 1931ರಲ್ಲಿ “ಗರತಿಯ ಹಾಡು” ಎಂಬ ಸಂಗ್ರಹವನ್ನು ಹೊರತಂದರು. ಗೋಡೆಯಿಲ್ಲದ ಸಂಗ್ರಹಾಲಯವೆಂದರೆ ಇದೇ. ಆದರೆ ಪುಸ್ತಕವು ಪದವನ್ನು ಕಾಪಾಡುತ್ತದೆಯೇ ಹೊರತು ಬೀಸುಕಲ್ಲಿನ ದನಿಯನ್ನಲ್ಲ.

ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರ ಜನ್ಮಗೃಹವೆಂದು ಜನರು ಗೌರವಿಸುವ ಮನೆಯು ಸ್ಮಾರಕವಾಗಿದೆ. ನಾವು ಅಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಈ ಕಟ್ಟಡದಲ್ಲಿ ಹಳೆಯದೆಷ್ಟು, ನವೀಕರಿಸಿದುದೆಷ್ಟು ಎಂಬುದು ಒಂದು. ಹನ್ನೆರಡನೆಯ ಶತಮಾನದ ಒಬ್ಬ ಪುರುಷನನ್ನು ಊರು ಇಂದಿಗೂ ಹೇಗೆ ನೆನೆಯುತ್ತಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಏನೇ ಆಗಲಿ, ಎರಡನೆಯದರ ಬೆಲೆ ಕುಂದುವುದಿಲ್ಲ.

ಕಾಲವು ಮಾತ್ರ ಕಾಯುವುದಿಲ್ಲ. 2005ರಲ್ಲಿ ಮುಗಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಅನೇಕ ಊರುಗಳು ಅಗಸೆ, ಗುಡಿ, ಹಗೇವುಗಳ ಸಮೇತ ಮುಳುಗಿದವು. ಇಂದು ಆಲಮಟ್ಟಿಯಲ್ಲಿ ಉದ್ಯಾನಗಳೂ ಶಿಲಾವನವೂ ಇವೆ. ಜನ ತಂಡತಂಡವಾಗಿ ಹೋಗುತ್ತಾರೆ. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣವು 2010ರಲ್ಲಿ ಅನುಮತಿಯಿತ್ತಿತು. ಏರಿಸಿದ ದಿನ ಮತ್ತೆ ಕೆಲವು ಊರುಗಳು ನೀರಿನ ಪಾಲಾಗುವುವು. ಹೊಲಗಳಿಗೆ ನೀರು ಬೇಕೆಂಬುದನ್ನು ಬರಗಾಲವನ್ನು ಬಲ್ಲವರಾರೂ ಅಲ್ಲಗಳೆಯಲಾರರು. ಆದರೆ ಮುಳುಗುವ ಮುನ್ನ ಆ ಊರುಗಳಿಂದ ಗೌಡರ ವಾಡೆಯೊಂದನ್ನು, ಒಕ್ಕಲಿಗನ ಮನೆಯೊಂದನ್ನು, ಊರ ಹೊರಗಿನ ಕೇರಿಯ ಗುಡಿಸಿಲೊಂದನ್ನು ಅಳತೆ ಮಾಡಿ, ಬಿಚ್ಚಿ, ಎತ್ತರದ ನೆಲದಲ್ಲಿ ನಿಲ್ಲಿಸುವುದು ಅಸಾಧ್ಯವೇನೂ ಅಲ್ಲ. ಮೂರನ್ನೂ ನಿಲ್ಲಿಸಬೇಕು, ಒಂದನ್ನೇ ನಿಲ್ಲಿಸಿದರೆ ವಿಲಿಯಮ್ಸ್‌ಬರ್ಗಿನ ತಪ್ಪು ಇಲ್ಲಿಯೂ ಆದೀತು.

ಅಲ್ಲಿಯವರೆಗೆ ನಗರವಾಸಿಗಳಾದ ನಾವು ಮಾಡಬಹುದಾದುದು ಸಣ್ಣದು, ಆದರೆ ವ್ಯರ್ಥವಲ್ಲ. ಗೊಟಗೋಡಿಗೋ ಜಾನಪದ ಲೋಕಕ್ಕೋ ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ಯೋಣ. ಚೀಟಿಯನ್ನು ಓದುವ ಮೊದಲು, “ಇದನ್ನು ಹೇಗೆ ಹಿಡಿಯುತ್ತಿದ್ದಿರಿ?” ಎಂದು ಅವರನ್ನು ಕೇಳೋಣ, ಅವರು ಹೇಳಿದುದನ್ನು ಬರೆದಿಡೋಣ. ವಸ್ತುವು ಸಂಗ್ರಹಾಲಯದಲ್ಲಿ ನೂರು ವರುಷ ಇದ್ದೀತು. ಅದನ್ನು ಬಳಸಿದ ಕೈಗೆ ಅಷ್ಟು ಆಯುಸ್ಸಿಲ್ಲ.