ಯೋಧರ ನೆನಪಿಗೊಂದು ಹೂದೋಟ

ನಮ್ಮ ಸಂಘದ ಕಟ್ಟಡದ ಹಿಂದಿನ ಮೂಲೆಯ ಜಾಗವನ್ನು ನಮ್ಮ ವಾಚಕರಲ್ಲಿ ನೋಡದವರು ಕಡಿಮೆ. ಸಮಾರಂಭಗಳಲ್ಲಿ ಕಾಲು ಮುರಿದುಕೊಂಡ ಕುರ್ಚಿಗಳಿಗೆಲ್ಲ ಅದೇ ವಿಶ್ರಾಂತಿಧಾಮ. ಅಲ್ಲಿ ನಮ್ಮ ಕುಟುಂಬಗಳ ಯೋಧರ ಸ್ಮರಣೆಗಾಗಿ ಒಂದು ತೋಟ ಮಾಡಬೇಕೆಂದು ಠರಾವಾಯಿತು. ಆದರೆ ಕಲ್ಲಿನ ಮೇಲೆ ಯಾರ ಹೆಸರು ಯಾವ ಕ್ರಮದಲ್ಲಿ ಎಂಬಲ್ಲಿ ಬಂಡಿ ನಿಂತಿತು. ಅಧಿಕಾರಿಗಳದು ಮೇಲೆ, ಸಿಪಾಯಿಗಳದು ಕೆಳಗೆ ಎಂದು ಕೆಲವರು. ದೇಣಿಗೆ ಕೊಟ್ಟವರಿಗೂ ಒಂದು ಅಮೃತಶಿಲೆ ಇರಲೆಂದು ಮತ್ತೆ ಕೆಲವರು. ಎರಡನೆಯ ಶಿಲೆಯೇ ದೊಡ್ಡದಾಗುವ ಲಕ್ಷಣ ಕಂಡಿತು!

ಮಾತು ಬೆಳೆಯುವ ಮೊದಲು ಪುಣೆಯಲ್ಲಿ ಇರುವುದನ್ನು ನೋಡಿಬರೋಣವೆಂದು ಒಂದು ಭಾನುವಾರ ನಾವು ಹತ್ತು ಮಂದಿ ಹೊರಟೆವು. ಘೋರ್ಪಡಿಯ ಯುದ್ಧಸ್ಮಾರಕವು ನಾಗರಿಕರ ದೇಣಿಗೆಯಿಂದ ಎದ್ದದ್ದು. 1998ರ ಆಗಸ್ಟ್ 15ರಂದು ಅನಾವರಣಗೊಂಡದ್ದು. ಮಕ್ಕಳು ಅಲ್ಲಿನ ಮಿಗ್ ವಿಮಾನವನ್ನು ಬಿಟ್ಟು ಬರಲೊಲ್ಲರು.

ನಮ್ಮ ಪ್ರಶ್ನೆಗೆ ಉತ್ತರ ದೊರೆತದ್ದು ಖಡಕಿಯ ಯುದ್ಧಸ್ಮಶಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದ 1,668 ಸಮಾಧಿಗಳು ಅಲ್ಲಿವೆ. ಅವನ್ನು ನೋಡಿಕೊಳ್ಳುವ ಆಯೋಗ 1917ರಲ್ಲಿ ಹುಟ್ಟಿದ್ದು. ದೊಡ್ಡ ಹುದ್ದೆಯವನಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಬಗೆಯ ಕಲ್ಲು ಎಂಬುದು ಅದರ ನಿಯಮ. ಕಲ್ಲಿನ ಬುಡಕ್ಕೆ ಗಿಡ್ಡನೆಯ ಹೂಗಿಡಗಳನ್ನು ಹಾಕುವುದೂ ಬರಿಯ ಅಂದಕ್ಕಲ್ಲ. ಮಳೆಹನಿ ಬಿದ್ದಾಗ ಕೆಸರು ಸಿಡಿದು ಅಕ್ಷರಗಳನ್ನು ಮುಚ್ಚಬಾರದಷ್ಟೆ. ಇಷ್ಟು ಸರಳವಾದ ಸಂಗತಿ ನಮಗಾರಿಗೂ ಹೊಳೆದಿರಲಿಲ್ಲ.

ಅದೇ ಆವರಣದಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ಇನ್ನೊಂದು ಸ್ಮಾರಕವಿದೆ. ಅಲ್ಲಿ 1,800ಕ್ಕೂ ಹೆಚ್ಚು ಜನರನ್ನು ಸ್ಮರಿಸಲಾಗಿದೆ. ಅವರ ಗೋರಿಗಳು ಮಾತ್ರ ಅಲ್ಲಿಲ್ಲ. ಭಾರತ, ಪಾಕಿಸ್ತಾನಗಳ ಬೇರೆ ಬೇರೆ ಊರುಗಳಲ್ಲಿ ಮಣ್ಣಾದ ಅವರ ಗೋರಿಗಳನ್ನು ಸರಿಯಾಗಿ ಕಾಯ್ದುಕೊಳ್ಳಲಾಗದ ಕಾರಣ ಹೆಸರುಗಳನ್ನು ಇಲ್ಲಿ ಕೆತ್ತಿದ್ದಾರೆ. ನಾವು ಅಲ್ಲಿ ಬಹಳ ಹೊತ್ತು ನಿಂತೆವು.

ಮುಂದಿನ ಸಭೆಗೆ ಬೆಳಗಾವಿ ಕಡೆಯ ಆಯಿಯೊಬ್ಬರು ಬಂದಿದ್ದರು. 1999ರಲ್ಲಿ ಕಾರ್ಗಿಲ್‌ನಿಂದ ಅವರ ಮಗ ಮರಳಿ ಬರಲಿಲ್ಲ. ಹೆಸರುಗಳ ಚರ್ಚೆಯನ್ನು ತಾಳ್ಮೆಯಿಂದ ಕೇಳಿ ಕಡೆಗೆ ಎದ್ದು ನಿಂತರು: “ನನ್ನ ಮಗನ ಹೆಸರು ಮ್ಯಾಲರೆ ಬರೀರಿ, ಕೆಳಗರೆ ಬರೀರಿ. ಬ್ಯಾಸಗಿಯಾಗ ಗಿಡಕ್ಕ ನೀರು ಯಾರು ಹಾಕ್ತೀರಿ, ಅದನ್ನ ಮೊದಲ ಹೇಳ್ರಿ.”

ಯಾರೂ ಬಾಯಿ ಬಿಡಲಿಲ್ಲ. ನಮ್ಮ ಅಂದಾಜುಪಟ್ಟಿಯಲ್ಲಿ ಶಿಲೆಗೆ ಹಣವಿತ್ತು, ಉದ್ಘಾಟನೆಯ ಹಾರ ತುರಾಯಿಗೂ ಇತ್ತು. ನೀರಿಗೆ ಒಂದು ಕಾಸೂ ಇರಲಿಲ್ಲ.

ದಾನಿಗಳ ಶಿಲೆಯನ್ನು ಅಂದೇ ಕೈಬಿಟ್ಟೆವು. ಆ ಹಣದಲ್ಲಿ ನಲ್ಲಿಯನ್ನು ಮೂಲೆಯವರೆಗೆ ಎಳೆಸುವುದೆಂದಾಯಿತು. ಹೆಸರುಗಳು ಹುದ್ದೆಯಿಲ್ಲದೆ, ಅಕಾರಾದಿಯಾಗಿ. ಬಕುಲ, ಪಾರಿಜಾತ, ಹೊಂಗೆ ನೆಡುತ್ತೇವೆ. ಗುಲಾಬಿ ಬೇಕೆಂದವರು ಮುನಿಸಿಕೊಂಡಿದ್ದಾರೆ, ಇರಲಿ. ಮೇ ತಿಂಗಳಲ್ಲೇ ಗುಂಡಿ ತೋಡಿ ಗೊಬ್ಬರ ತುಂಬಿಸಿ, ಜೂನಿನ ಮಳೆ ಹಿಡಿದ ಮೇಲೆ ಸಸಿ ಇಡುವುದು.

ನೀರಿನ ಪಾಳಿಯ ಪಟ್ಟಿ ಕಚೇರಿಯ ಬಾಗಿಲಿಗೆ ಅಂಟಿಸಿದೆ. ಮೊದಲ ವಾರವನ್ನು ಆಯಿಯೇ ಬರೆಸಿಕೊಂಡಿದ್ದಾರೆ. ಕೊಡ ಎತ್ತಲು ಮೊಮ್ಮಗ ಬರುತ್ತಾನಂತೆ. ಎರಡನೆಯ ವಾರ ಇನ್ನೂ ಖಾಲಿಯಿದೆ.